ಹೊತ್ತಿಗೆ ಸರಿಯಾಗಿ

ಆಪರೇಷನ್ ಥಿಯೇಟರಿನಿಂದ ಹೊರಬಂದ ಡಾಕ್ಟರು ಮಾಸ್ಕ್ ಇಳಿಸಿದರು.

"ನಿಮ್ಮ ಮಗನ ಬೀಜ ತಿರುಚಿಕೊಂಡು ರಕ್ತ ಹೋಗೋದೇ ನಿಂತಿತ್ತಮ್ಮ. ಬಿಡಿಸಿದ್ದೀವಿ, ಆದರೂ ಕಪ್ಪಗೇ ಇದೆ. ಇನ್ನು ಹತ್ತು ನಿಮಿಷದಲ್ಲಿ ಬಣ್ಣ ಬರದಿದ್ದರೆ ತೆಗೆದೇಬಿಡಬೇಕು."

ನಳಿನಿ ಪಕ್ಕದಲ್ಲಿ ಕಂಬದಂತೆ ನಿಂತಿದ್ದ ಗಂಡನ ಅಂಗಿ ಹಿಡಿದು ಜಗ್ಗಿದಳು.

"ರೀ, ನಿಮ್ಮ ಲ್ಯಾಬಿನ ಔಷಧಿ ಇದೆಯಲ್ಲ, ಆ ಆಂಟಿಆಕ್ಸಿಡೆಂಟು! ತಿರುಚಿದ ಬೀಜ ಉಳಿಸೋಕೇ ಅಂತ ಮೂರು ವರ್ಷದಿಂದ ಒದ್ದಾಡ್ತಿದ್ದೀರಿ. ತಂದು ಕೊಡ್ರೀ, ನಿಮ್ಮ ಕಾಲಿಗೆ ಬೀಳ್ತೀನಿ."

"ಅದನ್ನ ಇಲಿಗಳಿಗೆ ಬಿಟ್ಟು ಇನ್ಯಾರಿಗೂ ಕೊಟ್ಟಿಲ್ಲ ಕಣೇ."

"ಬೆಳಿಗ್ಗೆಯೇ ನೋವು ಶುರುವಾಗಿತ್ತಂತೆ," ಡಾಕ್ಟರು ಗದರಿದರು. "ಸಂಜೆವರೆಗೂ ಯಾಕೆ ಸುಮ್ಮನಿದ್ರಿ?"

"ಹದಿನಾಲ್ಕು ವರ್ಷದ ಹುಡುಗ ಡಾಕ್ಟ್ರೇ, ಎಲ್ಲಿ ನೋವು ಅಂತ ನನಗೆ ಹೇಳೋಕೆ ನಾಚಿಕೆ. ಅಪ್ಪನಿಗೇ ಹೇಳ್ತೀನಿ ಅಂತ ಹಠ ಹಿಡಿದ. ಹನ್ನೊಂದು ಸಲ ಫೋನ್ ಮಾಡಿದೆ, ಇವರು ಎತ್ತಲೇ ಇಲ್ಲ."

ಡಾಕ್ಟರು ಗಂಡನ ಕಡೆ ತಿರುಗಿದರು. ಅವನು ತನ್ನ ಕೈಗಳನ್ನೇ ನೋಡುತ್ತಿದ್ದ.

"ಇಲಿಗಳ ಬೀಜ ತಿರುಚಿಟ್ಟು ಕಾಯ್ತಾ ಕೂತಿದ್ದೆ. ಬಿಡಿಸೋದು ಒಂದು ನಿಮಿಷವೂ ತಡ ಆಗೋ ಹಾಗಿರಲಿಲ್ಲ."