ನೇಪಾಳದ ಗಾಯ

ಚಹಾದ ತಟ್ಟೆ ಇಟ್ಟು ಚಾಪೆಯ ಮೇಲೆ ಕೂರುವಾಗ ನೀತಾಳ ಸೀರೆಯ ಅಂಚು ಒಂದು ಗೇಣು ಮೇಲೆ ಸರಿಯಿತು. ತಕ್ಷಣ ಎಳೆದುಕೊಂಡಳು. ಆದರೆ ಕನ್ಯೆ ನೋಡಲು ಮೊಮ್ಮಗ ಸಂಜುವನ್ನು ಕರೆದುಕೊಂಡು ದೇಹೂ ರೋಡ್ ಊರಿನಿಂದ ಬಂದಿದ್ದ ರುದ್ರವ್ವನ ಕಣ್ಣು ಅಷ್ಟರಲ್ಲೇ ಅಲ್ಲಿ ಹೋಗಿ ಕೂತಿತ್ತು.

“ಯವ್ವಾ, ಕಾಲಿಗೆ ಏನಾಗೇದ?”

ಮೊಣಕಾಲಿನ ಕೆಳಗೆ ಕಪ್ಪಗೆ ಒಣಗಿದ ಉದ್ದನೆಯ ಗಾಯ, ನೀಲಿಗಟ್ಟಿದ ಹೆಬ್ಬೆರಳು. ಮೊಣಕೈಯ ತರಚುಗಾಯವನ್ನು ಉದ್ದ ತೋಳಿನ ಕುಪ್ಪಸ ಮುಚ್ಚಿತ್ತು; ಕಾಲಿಗೆ ಮಾತ್ರ ಅವ್ವ ಸೀರೆಯನ್ನೇ ನಂಬಿದ್ದಳು. ನೀತಾ ಬಾಯಿ ತೆರೆಯುವ ಮೊದಲೇ ಅವ್ವ ನರ್ಮದಾ ಅಡುಗೆಮನೆಯ ಬಾಗಿಲಿನಿಂದ ಹೇಳಿದಳು: “ನೇಪಾಳಕ್ಕ ಹೋಗಿದ್ಲ್ರಿ, ಗೆಳತ್ಯಾರ ಜೋಡಿ. ಪಶುಪತಿನಾಥನ ಊರಿಗೆ. ಹೋದ ವಾರನ ಬಂದ್ಲು.”

ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಪಿಂಪ್ರಿಯ ಕಂಪನಿಯಲ್ಲಿ ಜೊತೆಗೆ ಕೆಲಸ ಮಾಡುವ ಗೆಳತಿಯರೊಂದಿಗೆ ನೀತಾ ಹೋಗಿದ್ದು ನೇಪಾಳಕ್ಕೇ. ಆದರೆ ಹೋದದ್ದು ಗುಡ್ಡಗಳಲ್ಲಿ ಸೈಕಲ್ ಹೊಡೆಯಲು. ಅದಕ್ಕಾಗಿ ಮಳೆಗಾಲ ಮುಗಿದಾಗಿನಿಂದ ಪ್ರತಿ ಭಾನುವಾರ ಸಿಂಹಗಡದ ಘಾಟು ಹತ್ತಿ ಇಳಿದಿದ್ದರು. ಪಶುಪತಿನಾಥನ ಗುಡಿಯ ಕಳಸಕ್ಕೆ ಬಸ್ಸಿನ ಕಿಟಕಿಯಿಂದ ಕೈ ಮುಗಿದದ್ದಷ್ಟೇ. ಇವತ್ತು ಬೆಳಗಿನಿಂದ ಅವ್ವನದು ಒಂದೇ ಮಾತು: “ಸೈಕಲ್ ಸುದ್ದಿ ತಗಿಬ್ಯಾಡ. ಮೊದಲಿನ ಎರಡು ಸಂಬಂಧ ಹಿಂಗ ಹೋದವು. ಹುಡುಗಿ ಗಂಡುಬೀರಿ ಅಂತಾರ.” ಸೈಕಲ್ ಸವಾರಿಯ ಫೋಟೋಗಳನ್ನು ಕಪಾಟಿನಲ್ಲಿಟ್ಟು ಕೀಲಿಯನ್ನೂ ಹಾಕಿದ್ದಳು.

ನೀತಾ ಒಪ್ಪಿದ್ದಳು. ಸಂಜು ಅವಳಿಗೆ ಹಿಡಿಸಿದ್ದ. ಬಂದವನು ಅಜ್ಜಿ ಬಿಟ್ಟ ಚಪ್ಪಲಿಗಳನ್ನು ಬಗ್ಗಿ ಜೋಡಿಸಿಟ್ಟದ್ದನ್ನು ಪರದೆಯ ಸಂದಿನಿಂದ ನೋಡಿದ್ದಳು. ಈ ಮನೆ ಕೈತಪ್ಪಬಾರದು ಎಂದು ಆಗಲೇ ಅನ್ನಿಸಿತ್ತು.

ಪಶುಪತಿನಾಥನ ಹೆಸರು ಕೇಳಿ ರುದ್ರವ್ವನ ಮುಖ ಅರಳಿತು. “ಬರಿಗಾಲಲೇ ನಡದಾಳ ಹುಡುಗಿ! ನಮ್ಮೂರ ಮಂದಿ ಶ್ರೀಶೈಲಕ್ಕ ನಡಕೊಂಡು ಹೋಗಿ ಬಂದಾಗ ಕಾಲು ಹಿಂಗ ಆಗಿರತಾವ. ನೋಡೋ ಸಂಜು. ನೀ ಸಂತಿಗೆ ಹೋಗಬೇಕಂದ್ರೂ ರಿಕ್ಷಾ ಹುಡಕತಿ.”

ಸಂಜು ಗಾಯ ನೋಡಿದ, ನೀತಾಳ ಮುಖ ನೋಡಿದ.

“ತಂಗಿ, ಒಂದು ಚರಿಗಿ ನೀರು ತಾ,” ಎಂದು ನರ್ಮದಾಳಿಗೆ ಹೇಳಿ ರುದ್ರವ್ವ ಮಂಡಿ ಹಿಡಿದುಕೊಂಡು ಮಂಚದಿಂದ ಚಾಪೆಗೆ ಇಳಿದರು. “ಈ ವಯಸ್ಸಿನಾಗ ನಾ ಅಂತೂ ಅಲ್ಲಿತನಕ ಹೋಗಾಕಿ ಅಲ್ಲ. ಹೋಗಿ ಬಂದಾಕಿ ಪಾದನರೆ ತೊಳಿತೀನಿ. ನನಗೂ ಒಂದೀಟು ಪುಣ್ಯ ಬರಲಿ.”

ಅವ್ವ ಈಗ ಬೇಡವೆನ್ನುತ್ತಾಳೆ, ಏನಾದರೂ ನೆಪ ಹೇಳುತ್ತಾಳೆ ಎಂದು ನೀತಾ ಕಾದಳು. ಅಪ್ಪ ಸಿದ್ರಾಮಪ್ಪ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನನ್ನು ಮೊದಲ ಸಲ ಕಂಡವರಂತೆ ನೋಡುತ್ತಿದ್ದರು. ಒಳಗೆ ನಲ್ಲಿಯ ಸದ್ದಾಯಿತು. ಅವ್ವ ತಾಮ್ರದ ಚರಿಗೆ ತುಂಬ ನೀರು ತಂದು, ಸೆರಗು ಹೊದ್ದು, ರುದ್ರವ್ವನ ಕೈಗೆ ಕೊಟ್ಟಳು. ನೀರು ಚಾಪೆಗೆ ಹರಿಯದಿರಲೆಂದು ಕೆಳಗೊಂದು ತಾಟನ್ನೂ ಇಟ್ಟಳು.

ಸುಕ್ಕುಗಟ್ಟಿದ ಬೆರಳುಗಳು ಪಾದ ಮುಟ್ಟಿದವು. ನೀತಾಳಿಗೆ ಆ ಇಳಿಜಾರು ನೆನಪಾಯಿತು. ಸಡಿಲ ಹರಳುಕಲ್ಲು, ಕಣ್ಣಿಗೆ ಹೊಡೆಯುವ ಗಾಳಿ, ಹಿಂದಿನಿಂದ ಗೆಳತಿ ಮಾಧುರಿಯ ಮರಾಠಿ ಕೂಗು: “ನೀತಾ, ಬ್ರೇಕ್ ಸೋಡ್!” ಬ್ರೇಕು ಬಿಟ್ಟೂ ಬಿಟ್ಟಿದ್ದಳು. ಮನೆಯಲ್ಲಿ ಎಂದೂ ದನಿ ಎತ್ತದವಳು ಗಾಳಿಗೆ ಬಾಯಿ ತೆರೆದು ಕಿರುಚಿದ್ದಳು. ಪೆಡಲು ಕಾಲಿಗೆ ಬಡಿದು ಬಿದ್ದ ಮೇಲೂ, ನಾಲ್ವರು ಗೆಳತಿಯರೂ ಮಣ್ಣಿನಲ್ಲೇ ಕೂತು ನಕ್ಕಿದ್ದರು. ಆ ಹೊತ್ತಿನಲ್ಲಿ ಅವಳು ಯಾವ ದೇವರನ್ನೂ ನೆನೆದಿರಲಿಲ್ಲ.

ಕಾಲು ಹಿಂದಕ್ಕೆ ಎಳೆದುಕೊಂಡಳು.

“ಬ್ಯಾಡ್ರಿ ಅಜ್ಜಿ. ನಾ ನಡದಿಲ್ರಿ. ಗುಡಿಗೂ ಹೋಗಿಲ್ಲ. ಸೈಕಲ್ ಹೊಡಿಲಿಕ್ಕ ಹೋಗಿದ್ವಿ. ಗುಡ್ಡ ಇಳಿಯೂ ಮುಂದ ಬಿದ್ದೆ.”

“ಮಸ್ಕರಿ ಮಾಡ್ತಾಳ್ರಿ,” ಎಂದು ಅವ್ವ ನಕ್ಕಳು. ಯಾರೂ ಜೊತೆಗೂಡದೆ ಆ ನಗು ಅಲ್ಲೇ ನಿಂತಿತು.

“ಗೇರಿನ ಸೈಕಲ್ಲೇನ್ರಿ?” ಸಂಜು ಕೇಳಿದ. ಬಂದಾಗಿನಿಂದ ಅವನು ಆಡಿದ ಮೊದಲ ಮಾತು.

“ನೀ ಸುಮ್ಮ ಕುಂಡ್ರೋ,” ಎಂದರು ರುದ್ರವ್ವ. ಚರಿಗೆ ಇನ್ನೂ ಅವರ ಕೈಯಲ್ಲೇ ಇತ್ತು. “ಬಿದ್ದ ಮ್ಯಾಲೆ ಏನು ಮಾಡಿದಿ ಯವ್ವಾ?”

“ಎದ್ದು ಮತ್ತ ಹತ್ತಿದ್ನಿ. ಊರು ಇನ್ನೂ ಭಾಳ ಕೆಳಗಿತ್ರಿ.”

ರುದ್ರವ್ವ ಗಾಯವನ್ನು ನೋಡಿದರು. ತಾಟನ್ನು ನೋಡಿದರು. ಆಮೇಲೆ ಚರಿಗೆಯನ್ನು ಮೆಲ್ಲಗೆ ನೆಲಕ್ಕಿಟ್ಟು, ಮೊಮ್ಮಗನ ಹೆಗಲು ಹಿಡಿದು ಎದ್ದು ಮಂಚದ ಮೇಲೆ ಕೂತರು. ಉಪ್ಪಿಟ್ಟು ತಿಂದರು. ಚಹಾ ಆರಿತ್ತು, ಅದನ್ನೂ ಕುಡಿದರು. ಇಲ್ಲಿ ಗೋದಿ ರವೆ ಚಲೋದು ಎಲ್ಲಿ ಸಿಗುತ್ತದೆ ಎಂದು ಸಿದ್ರಾಮಪ್ಪನವರನ್ನು ವಿಚಾರಿಸಿದರು. ನೇಪಾಳದ ಮಾತು ಮತ್ತೆ ಬರಲಿಲ್ಲ. ನೀತಾ ತಲೆ ತಗ್ಗಿಸಿಕೊಂಡೇ ಕೂತಿದ್ದಳು. ಈ ಮನೆಯೂ ಹೋಯಿತು ಎಂದುಕೊಂಡಳು.

ಅವರು ಹೊರಟಾಗ ಬಾಗಿಲಿನವರೆಗೂ ಬಂದ ನರ್ಮದಾಳಿಗೆ ತಡೆಯಲಾಗಲಿಲ್ಲ. “ಅವ್ವಾರ, ಸಣ್ಣ ಹುಡುಗಿ, ತಿಳಿಲಾರದ ಏನರೆ ಅಂದಿದ್ರ ಹೊಟ್ಟ್ಯಾಗ ಹಾಕ್ಕೋರಿ. ಮತ್ತ... ಏನಂತೀರಿ?”

ರುದ್ರವ್ವ ಮೆಟ್ಟಿಲಿನ ಕಟಕಟೆ ಹಿಡಿದು ಒಂದು ಕ್ಷಣ ನಿಂತರು.

“ಸೊಸಿ ನಮಗ ಪಸಂತ್ ಬಿದ್ದಾಳ, ತಂಗಿ,” ಎಂದರು. “ಬೀಗತಿ ಬಗ್ಗೆ ಮನಿಗೆ ಹೋಗಿ ವಿಚಾರ ಮಾಡಿ ತಿಳಸ್ತೀವಿ.”