ಅಕ್ಕನ ಕೈತುತ್ತು

"ಅಕ್ಕಾ, ನಾಲಿಗಿ ಜುಮ್ ಅನ್ನಾಕತ್ತೈತಿ. ಇದರಾಗ ಏನ್ ಹಾಕೀದಿ?"

ಶಿದ್ರಾಮ ಜಗಿಯುವುದನ್ನು ನಿಲ್ಲಿಸಿ ಗಂಗಾಳವನ್ನು ಅತ್ತ ತಳ್ಳಿದ. ಅಕ್ಕ ದುಂಡವ್ವ ಅದನ್ನು ಮತ್ತೆ ಅವನ ಮುಂದಕ್ಕೆ ಸರಿಸಿದಳು.

"ಏನ್ ಹಾಕ್ತಾರೋ ತಮ್ಮಾ? ರೊಟ್ಟಿ, ತುಪ್ಪ, ಗಾಣದಾಗಿನ ಹೊಸ ಬೆಲ್ಲ," ಎನ್ನುತ್ತ ಅದೇ ಗಂಗಾಳದಿಂದ ತಾನೂ ಒಂದು ತುತ್ತು ತಿಂದಳು. ಅವನ ತಲೆಯ ಮೇಲೆ ಕೈಯಿಟ್ಟು, "ನಿನ್ನ ಆಣಿ, ಏನೂ ಹಾಕಿಲ್ಲ" ಎಂದಳು. ಅಷ್ಟರಲ್ಲಿ ಅವಳ ನಾಲಿಗೆಯೂ ಜುಮ್ಮೆನ್ನುತ್ತಿತ್ತು.

ಕನ್ನಡ ನಾಡು ಒಂದಾದ ಹೊಸತು. ಧುಪದಾಳದ ಕಾಲುವೆಯ ಮೇಲೆ ಕೆಲಸಕ್ಕಿದ್ದ ಶಿದ್ರಾಮನಿಗೆ ಯಾರೂ ಇಲ್ಲದ ಕಡೆ ದನಿಗಳು ಕೇಳಿಸತೊಡಗಿದ್ದವು. ಊರವರೆಲ್ಲ ನಿನ್ನ ಊಟದಲ್ಲಿ ವಿಷ ಬೆರೆಸುತ್ತಿದ್ದಾರೆ ಎಂದು ಅವು ಹೇಳಿದವು, ಇವನು ನಂಬಿದ. ಕೆಲಸ ಬಿಟ್ಟು ಮನೆ ಹಿಡಿದ. ತಾಯಿಯಿಲ್ಲದ ತನ್ನನ್ನು ಎತ್ತಿ ಬೆಳೆಸಿದ ಅಕ್ಕನ ಅಡುಗೆಯೊಂದನ್ನೇ ಮುಟ್ಟುತ್ತಿದ್ದ. ತಾಯತ, ಭಂಡಾರ, ಹರಕೆ ಎಲ್ಲ ಮುಗಿದ ಮೇಲೆ ದುಂಡವ್ವ ಘೋಡಗೇರಿಯಿಂದ ಗೋಕಾಕದ ಡಾಕ್ಟರರ ಹತ್ತಿರ ಹೋಗಿದ್ದಳು.

"ಹೊಸ ಗುಳಿಗಿ ಬಂದೈತವ್ವಾ," ಎಂದಿದ್ದರು ಡಾಕ್ಟರು. "ಆ ದನಿಗೋಳನ್ನ ತಗ್ಗಸ್ತೈತಿ, ಸಂಶೆ ಸಡ್ಲ ಮಾಡ್ತೈತಿ. ಬ್ಯಾನಿ ಬುಡಸಮೇತ ಕೀಳೂದಿಲ್ಲ, ಅದಕ್ಕ ನಡುವ ಬಿಡಬಾರ್ದು."

"ಅವ ಗುಳಿಗಿ ಕಂಡ್ರ ಹೊರಗ ಒಗೀತಾನ್ರಿ."

"ಹಂಗಾರ ಸದ್ಯೇಕ ಊಟದಾಗ ಕಲಸು. ಆದ್ರ ಸ್ವಲ್ಪ ಆರಾಮ ಆದಕೂಡ್ಲೆ ಖರೇ ಹೇಳಿಬಿಡು."

ಅಕ್ಕನ ಆಣೆ ನಂಬಿ ಅವನು ಉಂಡ, ರೊಟ್ಟಿಯಲ್ಲಿ ಕಲಸಿದ ಗುಳಿಗೆ ನಾಟಿತು. ಅವನಿಗೆ ನಿದ್ದೆ ಬಂತು, ಗಡ್ಡ ಬೋಳಿಸಿಕೊಂಡ, ಕಾಲುವೆಗೂ ಮರಳಿದ. ಹೇಳಬೇಕಾದವಳು ಮಾತ್ರ ಇವತ್ತು ಬೇಡ, ನಾಳೆ ಎಂದು ಮುಂದೂಡುತ್ತ ಬಂದಳು. ನಾಳೆ ಎಂದವನ ಮನೆ ಹಾಳು ಎಂಬುದು ಅವಳಿಗೆ ತಿಳಿಯದ ಮಾತೇನಲ್ಲ.

ಪಂಚಮಿಯ ದಿನ ಅವನು ಅಕ್ಕನಿಗೆ ಕುಪ್ಪಸದ ಖಣ ತಂದುಕೊಟ್ಟು ಕಾಲಿಗೆ ಬಿದ್ದ.

"ತಪ್ಪಾತು ಅಕ್ಕಾ. ಊರ ಮಂದಿ ಇರ್ಲಿ, ಸಾಕಿದಾಕಿ ಮ್ಯಾಲೂ ಸಂಶೆ ಪಟ್ಟೆ. ನೀ ನನ್ನ ಊಟದಾಗ ಏನರೆ ಹಾಕ್ತೀಯೇನು? ಎಂಥಾ ಹುಚ್ಚ ಹಿಡದಿತ್ತು ನೋಡು!" ಎಂದು ತನ್ನನ್ನೇ ಹಂಗಿಸಿಕೊಂಡು ನಕ್ಕ.

ದುಂಡವ್ವ ಖಣವನ್ನು ಮಡಿಲಿಗೆ ಹಾಕಿಕೊಂಡಳು. ತಲೆ ಕೆಟ್ಟಾಗ ಅವನು ಆಡಿದ ಆ ಒಂದು ಮಾತು ಖರೆಯಾಗಿತ್ತು. ನೆಟ್ಟಗಾದ ಮೇಲೆ ಸುಳ್ಳನ್ನು ನಂಬಿ ಕೈಮುಗಿಯುತ್ತಿದ್ದಾನೆ. ಈಗ ಹೇಳಿದರೆ ಈ ಕೈಯನ್ನೂ ನಂಬಲಾರ, ಅವನು ನಂಬಿ ಉಣ್ಣುವ ಇನ್ನೊಂದು ಕೈ ಈ ಭೂಮಿಯ ಮೇಲಿಲ್ಲ. ಬಾಯಲ್ಲಿ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಆಗಲೇ ಹೇಳಿಬಿಟ್ಟಿದ್ದರೆ ಎಷ್ಟು ಚಲೋ ಇತ್ತು ಎಂದು ಒಳಗೊಳಗೇ ಅತ್ತಳು.

"ಶಿದ್ರಾಮಾ, ಒಂದ್ ಮಾತು..."

"ಏನೂ ಅನಬ್ಯಾಡಕ್ಕಾ. ಸಣ್ಣಾಂವ ಇದ್ದಾಗ ಉಣಸ್ತಿದ್ದೆಲ್ಲಾ, ಹಂಗ ಇವತ್ತ ಒಂದ್ ತುತ್ತ ಉಣಸು."

ಅವನು ಅವಳೆದುರು ಕಾಲು ಮಡಚಿ ಕೂತು, ಕಣ್ಣು ಮುಚ್ಚಿ ಬಾಯಿ ತೆರೆದ. ದುಂಡವ್ವ ಗಂಗಾಳದಿಂದ ತುತ್ತು ಎತ್ತಿದಳು. ಅದರಲ್ಲಿ ಆ ದಿನದ ಗುಳಿಗೆ ಇತ್ತು.