ಮಗುವಿನ ಬಲಗೈ

"ಇದೆಲ್ಲ ದೇವರ ಕೈಲಿರೋದು ಕಣಮ್ಮ," ಎಂದು ಆಸ್ಪತ್ರೆಯ ಮ್ಯಾನೇಜರ್ ಕಿರಣ್‌ಕುಮಾರ್ ಛಾವಣಿಯ ಕಡೆ ಬೆರಳು ತೋರಿಸಿದ.

ವೀಣಾ ತಲೆಯೆತ್ತಿ ನೋಡಿದಳು. ಅಲ್ಲೊಂದು ಫ್ಯಾನು ತಿರುಗುತ್ತಿತ್ತು. "ಹೆರಿಗೆ ಟೈಮಲ್ಲಿ ದೇವ್ರೂ ಇದ್ನಾ ಸಾರ್? ನಂಗೆ ಕಂಡಿದ್ದು ನಿಮ್ಮ ನರ್ಸ್ ಒಬ್ಳೇ," ಎಂದಳು. ಪಕ್ಕದಲ್ಲಿದ್ದ ಗಂಡ ಚಂದ್ರು ಮೇಜಿನ ಕೆಳಗೆ ಮೆಲ್ಲಗೆ ಅವಳ ಕಾಲು ತುಳಿದ.

ಅವಳ ತೊಡೆಯ ಮೇಲೆ ಐದು ತಿಂಗಳ ಹೆಣ್ಣುಮಗು. ಎಡಗೈ ಸುಮ್ಮನಿರದೆ ಗಾಳಿಯಲ್ಲಿ ಆಡುತ್ತಿತ್ತು. ಬಲಗೈ ಹುಟ್ಟಿದಂದಿನಿಂದ ಭುಜದಿಂದ ಜೋತುಬಿದ್ದೇ ಇತ್ತು. ಹೆರಿಗೆಗೆ ಮುಂಚೆ, ಮಗು ದಪ್ಪಗಿದೆಯಂತೆ, ಆಪರೇಷನ್ನೇ ಮಾಡಿಬಿಡಿ ಎಂದು ವೀಣಾ ಬೇಡಿಕೊಂಡಾಗ ದೊಡ್ಡ ಡಾಕ್ಟರು ನಕ್ಕಿದ್ದರು: "ಈಗಿನ ಹುಡುಗೀರಿಗೆ ನೋವು ತಿನ್ನೋಕೇ ಸೋಮಾರಿತನ." ಹೀಗೆಂದವರು ಅವಳು ನೋವು ತಿನ್ನುವ ಹೊತ್ತಿಗೆ ಪೊನ್ನಂಪೇಟೆಯ ಮದುವೆಯೊಂದರಲ್ಲಿ ಪಂದಿಕರಿ ತಿನ್ನುತ್ತಿದ್ದರು. ಮಗುವಿನ ತಲೆ ಹೊರಗೆ ಬಂದು ಭುಜ ಸಿಕ್ಕಿಕೊಂಡಿತು. ಕೆಲಸಕ್ಕೆ ಹೊಸದಾಗಿ ಸೇರಿದ್ದ ನರ್ಸು, ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡೇ, ಡಾಕ್ಟರು ಅತ್ತಲಿಂದ ಹೇಳಿದಂತೆ ಇತ್ತ ಎಳೆದಳು. ಹಾಗೆ ಎಳೆದದ್ದಕ್ಕೇ ಕೈಗೆ ಹೋಗುವ ಕತ್ತಿನ ನರಗಳಿಗೆ ಪೆಟ್ಟಾಗಿದೆ ಎಂದು ಆಮೇಲೆ ಮೈಸೂರಿನ ಡಾಕ್ಟರೊಬ್ಬರು ಹೇಳಿದ್ದರು.

"ಜೀವ ಉಳೀತಲ್ಲ, ಅದೇ ಪುಣ್ಯ ಅಂದ್ಕೊಳ್ಳಿ," ಎಂದ ಕಿರಣ್‌ಕುಮಾರ್. "ತಪ್ಪು ತಿಳ್ಕೋಬೇಡಿ, ನೀವೂ ಸರಿಯಾಗಿ ಮುಕ್ಕಲಿಲ್ಲವಂತೆ. ಬರೀ ಕಿರುಚಾಡಿದ್ರಂತೆ. ಸಿಸ್ಟರ್ ಹೇಳಿದ್ರು."

"ತಪ್ಪು ನಂದೇ ಬಿಡಿ ಸಾರ್. ಡಾಕ್ಟ್ರು ಊಟ ಮುಗಿಸಿ ಕೈ ತೊಳ್ಕೊಳ್ಳೋವರ್ಗೂ ಹೆರಿಗೆ ತಡ್ಕೊಂಡು ಇರ್ಬೇಕಿತ್ತು."

ಕಿರಣ್‌ಕುಮಾರ್ ಅವಳನ್ನು ಬಿಟ್ಟು ಚಂದ್ರುವಿನ ಕಡೆ ಕುರ್ಚಿ ತಿರುಗಿಸಿದ. ಹೆಂಗಸರ ಹತ್ತಿರ ಮಾತು ಸೋತಾಗ ಗಂಡಸಿನ ಕಡೆ ತಿರುಗುವುದು ಅವನ ವೃತ್ತಿಯ ಒಂದು ಉಪಾಯವಿರಬೇಕು. ಮಗುವಿಗೆ ಇದು ಹುಟ್ಟಿನಿಂದಲೇ ಬಂದ ಊನ, ಆಸ್ಪತ್ರೆಯ ಮೇಲೆ ನಮ್ಮ ತಕರಾರಿಲ್ಲ ಎಂದು ಇಬ್ಬರೂ ಒಂದು ಸಹಿ ಹಾಕಿಬಿಟ್ಟರೆ ಸಾಕು. ಇನ್ನು ಮುಂದೆ ಮನೆಯವರಿಗೆಲ್ಲ ಇಲ್ಲಿ ಧರ್ಮಕ್ಕೆ ಔಷಧಿ. "ನೋಡಿ ಚಂದ್ರು, ಕುಶಾಲನಗರದಲ್ಲಿ ಇನ್ನೆಲ್ಲಿಗೆ ಹೋಗ್ತೀರಿ? ನಾಳೆ ಮತ್ತೆ ನಮ್ಮ ಬಾಗಿಲಿಗೇ ಬರ್ಬೇಕು."

ಚಂದ್ರು ಕರಗಿದ. ಅವನು ಪಿಕಪ್‌ನಲ್ಲಿ ಶುಂಠಿ ಮೂಟೆ ಸಾಗಿಸುವವನು. ದೊಡ್ಡವರ ಗೇಟಿನ ಮುಂದೆ ಹಾರ್ನ್ ಹೊಡೆಯಲೂ ಹಿಂಜರಿಯುವವನು. "ಅವ್ರು ಹೇಳೋದೂ ಸರಿ ಕಣೇ," ಎಂದು ಪಿಸುಗುಟ್ಟಿದ. "ಹೊತ್ತಲ್ಲದ ಹೊತ್ತಲ್ಲಿ ಜ್ವರಗಿರ ಬಂದ್ರೆ ಇಲ್ಲಿಗೇ ಅಲ್ವಾ ಓಡ್ಬರೋದು?"

"ಓಡ್ಬಂದ್ರೆ ಇಲ್ಲಿ ಯಾರಿರ್ತಾರ್ರೀ? ಮದುವೆ ಸೀಸನ್ನು," ಎಂದಳು ವೀಣಾ. ಬ್ಯಾಗಿನಿಂದ ಅರ್ಜಿ, ಅದರದೊಂದು ಪ್ರತಿ ತೆಗೆದು ಮೇಜಿನ ಮೇಲಿಟ್ಟಳು. "ನಮಗೆ ಧರ್ಮದ ಔಷಧಿ ಬೇಡ ಸಾರ್, ಕೇಸ್ ಶೀಟ್ ಕಾಪಿ ಕೊಡಿ. ಅರ್ಜಿ ಕೊಟ್ಟ ಮೂರು ದಿನದೊಳಗೆ ನೀವು ಕೊಡ್ಲೇಬೇಕು ಅಂತ ಮಡಿಕೇರಿ ಲಾಯರ್ ಕಾವ್ಯಶ್ರೀ ಮೇಡಂ ಹೇಳಿದಾರೆ. ಮಗು ಪರವಾಗಿ ಗ್ರಾಹಕರ ಆಯೋಗದಲ್ಲಿ ಕೇಸ್ ಹಾಕೋಕೆ ಅಪ್ಪ ಅಮ್ಮಂಗೆ ಹಕ್ಕಿದೆಯಂತೆ. ತಗೊಂಡಿದೀವಿ ಅಂತ ಇದಕ್ಕೊಂದು ಸೀಲ್ ಹಾಕಿ."

ಕಿರಣ್‌ಕುಮಾರ್ ಅರ್ಜಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ. "ಕೇಸ್ ಶೀಟಲ್ಲಿರೋದು ನಿಮಗೆ ಅರ್ಥ ಆಗುತ್ತಾ?"

"ನಮಗ್ಯಾಕೆ ಅರ್ಥ ಆಗ್ಬೇಕು? ಮಡಿಕೇರೀಲಿ ಓದೋರು ಇದಾರೆ."

ಅವನ ಮುಖದಲ್ಲಿದ್ದ ದೇವರು, ಧರ್ಮ ಎರಡೂ ಇಳಿದುಹೋದವು. "ಏನ್ರೀ ಆಗಿದೆ ಮಗುಗೆ? ಚೆನ್ನಾಗೇ ಆಡ್ತಿದೆ. ಇಲ್ಲಿ ನೋಡಿ," ಎನ್ನುತ್ತ ಮೇಜಿನ ಮೇಲಿದ್ದ ಬೀಗದ ಕೈ ಗೊಂಚಲನ್ನು ಎತ್ತಿ ಮಗುವಿನ ಮುಂದೆ ಗಿಲಗಿಲ ಅಲ್ಲಾಡಿಸಿದ. ಮಗು ಕಣ್ಣರಳಿಸಿ ಎಡಗೈ ಚಾಚಿತು.

"ನೋಡಿದ್ರಾ?"

"ಈ ಕಡೆ ಬನ್ನಿ ಸಾರ್," ಎಂದಳು ವೀಣಾ.

ಅವನು ಗೊಂಚಲನ್ನು ಮಗುವಿನ ಬಲಕ್ಕೆ ತಂದ. ಮಗು ಮೈಯನ್ನೆಲ್ಲ ತಿರುಚಿ, ಎಡಗೈಯನ್ನೇ ಎದೆಯ ಮೇಲಿಂದ ಅಡ್ಡ ಚಾಚಿತು. ಇನ್ನೂ ಬಲಕ್ಕೆ ಸರಿಸಿದ. ಮಗುವಿನ ಕತ್ತು ಅತ್ತ ಹೊರಳಿತು, ಬಾಯಿ ತೆರೆಯಿತು, ಕಾಲುಗಳೆರಡೂ ಬಡಿದವು. ಹತ್ತಿರದಲ್ಲೇ ಇದ್ದ ಬಲಗೈ ಮಾತ್ರ ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು. ಅವನು ಮತ್ತೆ ಅಲ್ಲಾಡಿಸಿದ. ಮತ್ತೆ.

"ಸಾಕು ನಿಲ್ಸಿ ಸಾರ್," ಎಂದ ಚಂದ್ರು. ಎದ್ದು ನಿಂತಿದ್ದ. "ಸೀಲ್ ಹಾಕಿ."

ಕಿರಣ್‌ಕುಮಾರ್ ಒಂದು ಗಳಿಗೆ ಅವನ ಮುಖ ನೋಡಿದ. ಕಾಲು ತುಳಿಯುವ ಗಂಡ ಅಲ್ಲೆಲ್ಲೂ ಕಾಣಲಿಲ್ಲ. ಅರ್ಜಿಯ ಪ್ರತಿಗೆ ಸೀಲು ಒತ್ತಿ, ಸಹಿ ಮಾಡಿ ಮುಂದಕ್ಕೆ ತಳ್ಳಿದ. ವೀಣಾ ಅದನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು ಎದ್ದಳು. ಅಷ್ಟು ಹೊತ್ತಿಗೆ ಮಗು ಕೊನೆಗೂ ಗೊಂಚಲನ್ನು ಎಡಗೈಯಲ್ಲಿ ಭದ್ರವಾಗಿ ಹಿಡಿದುಕೊಂಡು ಬಾಯಿಗೆ ಇಟ್ಟುಕೊಂಡಿತ್ತು.

"ಅಮ್ಮಾ, ಬೀಗದ ಕೈ," ಎಂದು ಕಿರಣ್‌ಕುಮಾರ್ ಕೈ ಚಾಚಿದ. "ಬಿಡ್ತಾ ಇಲ್ವಲ್ಲ, ಸ್ವಲ್ಪ ಬಿಡಿಸ್ಕೊಡಿ."

ವೀಣಾ ಮಗುವನ್ನು ಅವನ ಕಡೆ ತಿರುಗಿಸಿ ಹಿಡಿದಳು.

"ನೀವೇ ಎಳ್ಕೊಳ್ಳಿ ಸಾರ್. ನಿಮ್ಮ ಆಸ್ಪತ್ರೆಗೆ ಎಳೆಯೋದು ಹೊಸದಾ?"